ಇಳಿಯುವ ರೂಢಿ

ಮೊದಲನೇ ಸಲ ಮೈಲಾರಪ್ಪ ಫೇಲಾದ. ಲಾರಿ ಹೊಡೆಯಲು ಬಾರದ್ದಕ್ಕಲ್ಲ, ಲಾರಿಯಿಂದ ಇಳಿದದ್ದಕ್ಕೆ.

ಧಾರವಾಡದ ಮೋಟಾರ ಕಚೇರಿಯ ಗುಮಾಸ್ತ, ಸಾಹೇಬ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಪಡಸಾಲೆಯ ಮೇಲೆ ನಿಂತೇ ಓದಿ ಹೇಳಿದ. "ಪರೀಕ್ಷಾ ನಡದಾಗ, ಕಾರಣ ಇಲ್ಲದ, ನಡುರಸ್ತೆದಾಗ ಗಾಡಿ ನಿಂದರಿಸ್ಯಾನ. ಚಾಲೂ ಗಾಡಿ ಬಿಟ್ಟು ಕೆಳಗ ಇಳದಾನ. ಫೇಲ್."

ಕಾರಣ ಇಲ್ಲದೆ ಅಂತೆ. ಕಾರಣ ಇತ್ತು. ಜರಿ ಅಂಚಿನ ರುಮಾಲು ಸುತ್ತಿಕೊಂಡು, ಎಲೆ ಅಡಿಕೆ ಮೆಲ್ಲುತ್ತ, ಎದುರಿನಿಂದ ಟಾಂಗಾದಲ್ಲಿ ಬರುತ್ತಿತ್ತು. ಆ ಕಾರಣದ ಹೆಸರು ಮಡಿವಾಳಪ್ಪಗೌಡ, ಮೈಲಾರಪ್ಪನ ಊರಿನ ಗೌಡ. ಸರಕಾರದ ಚೀಟಿಯಲ್ಲಿ ಅಂಥದನ್ನು ಬರೆಯಲು ಜಾಗ ಇರುವುದಿಲ್ಲ.

ಅದು ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಕಾಣದ ಹಾಗಾಗಿತ್ತು. ಹುಬ್ಬಳ್ಳಿಯ ಲಾರಿಗಳೆಲ್ಲ ಬಗಲಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ ಕಟ್ಟಿಕೊಂಡು, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದೊಡ್ಡ ಮಾತು. ಏರು ಬಂದರೆ ಕೆಮ್ಮುತ್ತಿದ್ದವು, ನಿಂತರೆ ಆರಿಹೋಗುತ್ತಿದ್ದವು. ಹತ್ತಿ ವ್ಯಾಪಾರಿ ಕುಬೇರಪ್ಪ ಸಾವಕಾರರ ಲಾರಿಯೂ ಅಂಥದೇ ಒಂದು. ಅದರ ಹೊಟ್ಟೆಗೆ ಬೆಂಕಿ ಹಾಕುವವನು ಮೈಲಾರಪ್ಪ. ಕ್ಲೀನರನ ಕೆಲಸ.

ಕೋಳಿ ಕೂಗುವ ಮೊದಲು ಏಳಬೇಕು. ಪೀಪಾಯಿಯೊಳಗೆ ಕೈ ಹಾಕಿ ನಿನ್ನೆಯ ಬೂದಿ ತೆಗೆಯಬೇಕು. ಇದ್ದಿಲ ಚೀಲ ಹೊತ್ತು ತಂದು, ಅಡಿಕೆಗಿಂತ ದೊಡ್ಡದು, ನಿಂಬೆಕಾಯಿಗಿಂತ ಸಣ್ಣದು ಆಗುವ ಹಾಗೆ ಒಡೆಯಬೇಕು. ಬೆಂಕಿ ಹೊತ್ತಿಸಿ, ಅರ್ಧ ತಾಸು ಪಂಖಾ ತಿರುವಬೇಕು. ಆಮೇಲೆ ಮುಂದೆ ಹೋಗಿ ಹ್ಯಾಂಡಲ್ ಹಾಕಿ ಎಂಜಿನ್ನು ತಿರುಗಿಸಬೇಕು. ಹ್ಯಾಂಡಲ್ ಹಿಂದಕ್ಕೆ ಒದ್ದು ಅವನ ಬಲ ಮುಂಗೈ ಎರಡು ಸಲ ಮುರಿದಿತ್ತು. ಉಗುಳಿದರೆ ಕರಿ, ಮೂಗು ಒರೆಸಿಕೊಂಡರೆ ಕರಿ. ಇಷ್ಟೆಲ್ಲ ಮಾಡಿದ ಮೇಲೆ ಲಾರಿಯೊಳಗೆ ಕೂಡುವ ಹಕ್ಕಿಲ್ಲ. ಹಿಂದೆ ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಕೂಡಬೇಕು. ಮೊದಲಿನ ಪೆಟ್ರೋಲಿನ ಕಾಲವೂ ಸೇರಿ ಒಂಬತ್ತು ವರ್ಷ ಹಾಗೆ ಕೂತ.

ಲಾರಿ ಹೊಡೆಯುವವನು ಶರೀಫಸಾಬ. ಅವನ ಕಣ್ಣಿಗೆ ಪೊರೆ ಬರಲು ಹತ್ತಿತ್ತು. ಸಂಜೆಯಾದರೆ ಎತ್ತು ಯಾವುದು, ಕಲ್ಲು ಯಾವುದು ತಿಳಿಯದು. ಸಾವಕಾರರಿಗೆ ಇದು ಗೊತ್ತಾಗಬಾರದೆಂದು, ಹುಬ್ಬಳ್ಳಿ ದಾಟಿದ ಮೇಲೆ ಮೈಲಾರಪ್ಪನನ್ನು ಮುಂದೆ ಕರೆದು ಸ್ಟೇರಿಂಗು ಕೊಟ್ಟ. ತನ್ನ ಅನ್ನಕ್ಕಾಗಿ ಕಲಿಸಿದ, ಒಪ್ಪೋಣ. ಆದರೆ ಬಾಯಿ ಬಿಗಿಹಿಡಿದು ಕಲಿಸಲಿಲ್ಲ, ಬೈದು ಬೈದು ಮನಸಿಟ್ಟು ಕಲಿಸಿದ. ಕ್ಲಚ್ಚನ್ನು ಹಸುಗೂಸನ್ನು ಮಲಗಿಸುವ ಹಾಗೆ ಮೆಲ್ಲಗೆ ಬಿಡು ಅಂದ. ಎಂಜಿನ್ನಿನ ಸದ್ದು ಕೇಳಿ, ಕಿವಿಯಿಂದ ಗೇರು ಹಾಕು ಅಂದ. ಎರಡು ವರ್ಷದಲ್ಲಿ ಮೈಲಾರಪ್ಪ ಉಣಕಲ್ಲಿನ ಏರಿನಲ್ಲಿ ತುಂಬಿದ ಇದ್ದಿಲ ಗಾಡಿಯನ್ನು ನಿಲ್ಲಿಸದೆ ಹತ್ತಿಸುವಷ್ಟಾದ. ಅದು ಪೆಟ್ರೋಲಿನ ಡ್ರೈವರುಗಳಿಗೂ ಸುಲಭವಲ್ಲ.

ಕಡೆಗೆ ಸಾವಕಾರರಿಗೆ ಗೊತ್ತಾಯಿತು. ಆದರೆ ಸಿಟ್ಟು ಮಾಡಿಕೊಳ್ಳಲು ಅವರಿಗೆ ಪುರಸತ್ತು ಇರಲಿಲ್ಲ. ಊರಿನ ಡ್ರೈವರುಗಳೆಲ್ಲ ಫೌಜಿಗೆ ಭರ್ತಿಯಾಗಿ ಹೋಗಿದ್ದರು. ಹತ್ತಿ ಸುಗ್ಗಿ ಬಂದಿತ್ತು. ಕುಬೇರಪ್ಪ ಮೈಲಾರಪ್ಪನನ್ನು ಕರೆದು ಹೇಳಿದರು.

"ಲೈಸನ್ಸ ತಗೋಲೇ ಮೈಲ್ಯಾ. ಲಾರಿ ನಿನಗ ಕೊಡ್ತೇನಿ."

"ಊರಾಗಿಂದ ಗೌಡ್ರು ಎರಡ ಸಲ ಹೇಳಿ ಕಳಿಸ್ಯಾರ್ರಿ," ಅಂದ ಮೈಲಾರಪ್ಪ.

ಅವನ ಅಪ್ಪ ಸತ್ತು ಆರು ತಿಂಗಳಾಗಿತ್ತು. ಹೊಲಗೇರಿಯ ಮನೆಗೊಂದು ಆಳು ಗೌಡರ ಬಿಟ್ಟಿ ಚಾಕರಿಗೆ ಹೋಗಬೇಕು. ಸತ್ತ ದನ ಎಳೆಯಬೇಕು, ಚಾವಡಿ ಗುಡಿಸಬೇಕು, ಹತ್ತಿ ಹೇರಬೇಕು. ಅಪ್ಪ ಹೋದ ಮೇಲೆ ಆ ಪಾಳಿ ಮಗನದು. ಮಗ ಹುಬ್ಬಳ್ಳಿಯಲ್ಲಿ ಇದ್ದರೇನು, ಸುಗ್ಗಿ ಮುಗಿಯುವುದರೊಳಗೆ ಬಂದು ಪಾಳಿಗೆ ನಿಲ್ಲಬೇಕು ಎಂದು ಗೌಡರ ಹುಕುಂ. ಬರದಿದ್ದರೆ ಅವನ ಕಾಕಾ ಹೊಳೆಯಪ್ಪ ಎರಡು ಪಾಳಿ ದುಡಿಯಬೇಕು. ಹೊಳೆಯಪ್ಪನಿಗೆ ಅರವತ್ತು ದಾಟಿತ್ತು.

ಕುಬೇರಪ್ಪ ವಿಚಾರ ಮಾಡಿದರು. "ಡ್ರೈವರ ಆದಿ ಅಂದ್ರ ನಾ ಗೌಡ್ರಿಗೆ ಹೇಳ್ತೇನಿ, ನಿನ್ನನ್ನೂ ನಿಮ್ಮ ಕಾಕಾನ್ನೂ ಪಾಳಿ ಬಿಡಿಸ್ತೇನಿ. ಇದ್ದಲಿ ಒಡಿಯಾವನ ಸಲುವಾಗಿ ಗೌಡ್ರ ಕೂಡ ಹೆಂಗ ಮಾತಾಡ್ಲಿ?"

ಹೀಗೆ ಲೈಸನ್ಸು ಅನ್ನುವುದು ಒಂದು ಕಾಗದವಾಗಿ ಉಳಿಯಲಿಲ್ಲ. ಅದಿದ್ದರೆ ಹುಬ್ಬಳ್ಳಿ, ಇಲ್ಲದಿದ್ದರೆ ಗೌಡರ ಸತ್ತ ದನ.

ಪರೀಕ್ಷೆ ಮಾಡುವ ಮೋಟಾರ ಸಾಹೇಬ ಖಾಕಿ ಬಟ್ಟೆ, ತಲೆಗೆ ಟೋಪಿ, ಕೈಯಲ್ಲಿ ಛತ್ರಿ ಹಿಡಿದುಕೊಂಡು ಬಂದ. ಅರ್ಜಿಯಲ್ಲಿ ಜಾತಿಯ ಕಡೆ ಕಣ್ಣು ಹಾಯಿಸಿದ. ಮುಂದಿನ ಸೀಟಿನ ಕಡೆ ನೋಡಿದ. ಡ್ರೈವರನ ಬಗಲಿಗೇ ಕೂತು ಪರೀಕ್ಷೆ ಮಾಡಬೇಕೆಂದು ಕಾನೂನು. ಸಾಹೇಬ ಗುಮಾಸ್ತನಿಗೆ ಏನೋ ಹೇಳಿದ. ಗುಮಾಸ್ತ ಕಚೇರಿಯಿಂದ ಒಂದು ಕುರ್ಚಿ ಹೊರಿಸಿ ತಂದು ಲಾರಿಯ ಹಿಂದಿನ ತೆರೆದ ಹಲಗೆಯ ಮೇಲೆ ಇಡಿಸಿದ. ಸಾಹೇಬ ಮದುಮಗನ ಹಾಗೆ ಮೇಲೆ ಹೋಗಿ ಕೂತ. ಡ್ರೈವರನ ಬೆನ್ನ ಹಿಂದೆ ಒಂದು ಸಣ್ಣ ಕಿಂಡಿ ಇತ್ತು. ಅದರೊಳಗಿಂದ ಛತ್ರಿಯ ತುದಿ ಒಳಗೆ ಬಂತು.

"ಬಲಭುಜಕ್ಕ ತಿವಿದರ ಬಲಕ್ಕ," ಅಂದ ಸಾಹೇಬ. "ಎಡಕ್ಕ ತಿವಿದರ ಎಡಕ್ಕ. ಕುತಿಗಿಗೆ ತಿವಿದರ ನಿಂದರಸು."

ಎತ್ತಿಗಾದರೂ ಬಾಯಿಂದ ಹೋ ಅನ್ನುತ್ತಾರೆ. ಮೈಲಾರಪ್ಪ ಹಲ್ಲು ಕಚ್ಚಿಕೊಂಡು ಹೊಡೆದ. ಛತ್ರಿ ಭುಜಕ್ಕೆ ತಿವಿದಾಗೆಲ್ಲ ಬಲಗೈ ಹೊರಗೆ ಚಾಚಿ ತಿರುಗುವ ಸನ್ನೆ ಮಾಡಿದ. ಎರಡು ಕಲ್ಲುಗಳ ನಡುವೆ ಹಿಂದಕ್ಕೆ ಹೊಡೆದು ನಿಲ್ಲಿಸಿದ, ಕಲ್ಲಿಗೆ ಗಾಲಿ ತಾಗಲಿಲ್ಲ. ಮಾಳಮಡ್ಡಿಯ ಏರಿನ ನಡುವೆ ನಿಲ್ಲಿಸಿ ಮತ್ತೆ ಎತ್ತಿದ, ಒಂದು ಗೇಣು ಹಿಂದೆ ಸರಿಯಲಿಲ್ಲ. ಕಚೇರಿ ಇನ್ನು ನಾಲ್ಕೇ ಮಾರು ಇತ್ತು.

ಆಗ ಎದುರಿಗೆ ಟಾಂಗಾ ಬಂತು. ಟಾಂಗಾದಲ್ಲಿ ಗೌಡ.

ಆಮೇಲೆ ಏನಾಯಿತೆಂದು ಮೈಲಾರಪ್ಪನಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಅವನು ವಿಚಾರ ಮಾಡಲಿಲ್ಲ. ಕಾಲು ತಾನಾಗಿಯೇ ಬಿರೇಕು ಒತ್ತಿತು. ಕೈ ಬಾಗಿಲು ತೆರೆಯಿತು. ಮೈ ಕೆಳಗಿಳಿಯಿತು. ಕಾಲಿನ ಮೆಟ್ಟು ಕಳಚಿ ಕೈಗೆ ಬಂದವು. ರಸ್ತೆಯ ಅಂಚಿಗೆ ಹೋಗಿ, ಬೆನ್ನು ಬಗ್ಗಿಸಿ, ನೆಲ ನೋಡುತ್ತ ನಿಂತ. ನಡೆಯಲು ಕಲಿತಂದಿನಿಂದ ಗೌಡರು ಎದುರಾದರೆ ಹಾಗೇ ನಿಂತವನು. ಅವನ ಅಪ್ಪ ನಿಂತಿದ್ದ, ಅಪ್ಪನ ಅಪ್ಪ ನಿಂತಿದ್ದ. ಹಿಂದೆ ಲಾರಿ ಒಂದು ಸಲ ಕೆಮ್ಮಿ ಆರಿತು.

ಗೌಡ ಅವನನ್ನು ನೋಡಲೇ ಇಲ್ಲ. ಟಾಂಗಾದವನ ಜೊತೆ ಕೋರ್ಟಿನ ಮಾತಾಡುತ್ತ, ಪಿಚಕ್ಕೆಂದು ಉಗುಳಿ, ಹೋದ.

ಲಾರಿಯ ಮೇಲೆ ಕುರ್ಚಿಯಲ್ಲಿ ಕೂತ ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಚೀಟಿ ಬರೆದ. ತಿಂಗಳ ಮೇಲೆ ಇನ್ನೊಂದು ಸಲ ಬಾ, ಆಗಲೂ ಫೇಲಾದರೆ ಈ ವರ್ಷ ಈ ಕಡೆ ಮುಖ ಹಾಕಬೇಡ ಎಂದ.

ಮನೆಯಲ್ಲಿ ಹೆಂಡತಿ ದುರಗವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹತ್ತಿಯ ಗಿರಣಿಯಲ್ಲಿ ದುಡಿದು ಬಂದ ಮೈ, ಕೂದಲ ತುಂಬ ಅರಳೆ. ಸೋದರಮಾವನ ಮಗಳು, ಸಣ್ಣಂದಿನಿಂದ ಅವನನ್ನು ನೀ ಎಂದೇ ಕರೆದವಳು. ಅವನು ಹೇಳಿದ್ದನ್ನೆಲ್ಲ ಕೇಳಿದಳು.

"ಅಂವ ನಿನ್ನ ನೋಡಿದ್ನೇನು?"

"ಇಲ್ಲ."

"ನೋಡದಾವಗ ಇಳದಿ?"

ಮೈಲಾರಪ್ಪ ಮುಂಗೈಯ ಕರಿ ಒರೆಸಿಕೊಂಡ.

"ನೋಡಿದ್ದರ ಏನ್ ಮಾಡ್ತಿದ್ದಿ? ಗಾಲಿ ಕೆಳಗ ಮಲಕೊಂತಿದ್ದೇನು?"

"ಬೇಕಂತ ಇಳದಿಲ್ಲ. ಮೈ ಇಳೀತು."

"ಮೈ ಯಾರದು?" ದುರಗವ್ವ ರೊಟ್ಟಿಯನ್ನು ಹಂಚಿನ ಮೇಲೆ ಬಡಿದಳು. "ಗೌಡಂದೇನು? ಒಂಬತ್ತ ವರ್ಷ ಹೊಗಿ ನುಂಗಿ ಕಲತದ್ದನ್ನ ಒಂದ ಟಾಂಗಾಕ್ಕ ಕೊಟ್ಟ ಬಂದಿ."

ಅವನಿಗೆ ಗೌಡನ ಮೇಲೆ ಸಿಟ್ಟು ಬಂತು, ಸಾಹೇಬನ ಮೇಲೆ ಬಂತು. ಎಲ್ಲರಿಗಿಂತ ಹೆಚ್ಚು ತನ್ನ ಎರಡು ಕಾಲುಗಳ ಮೇಲೆ ಬಂತು. ಕಡಿದು ಒಗೆಯಬೇಕು ಅನಿಸಿತು.

ಮರುದಿನ ಶರೀಫಸಾಬನಿಗೆ ವಿಷಯ ತಿಳಿಯಿತು. ಮುದುಕ ಬೈಯಲಿಲ್ಲ. ಅಂಡಿಗೆ ಬಿಗಿಯುವ ಹಗ್ಗ ತಂದ. ಮೈಲಾರಪ್ಪನನ್ನು ಡ್ರೈವರನ ಸೀಟಿನ ಮೇಲೆ ಕೂರಿಸಿ, ಸೊಂಟದ ಸುತ್ತ ಎರಡು ಸುತ್ತು ತಂದು, ಸೀಟಿನ ಹಿಂದಿನ ಸರಳಿಗೆ ಬಿಗಿದು ಗಂಟು ಹಾಕಿದ.

"ಇದೇನ ಚಾಚಾ?"

"ನಿನಗ ಗಾಡಿ ಹೊಡಿಯಾಕ ಕಲಸಿದೆ. ಕುಂದರಾಕ ಕಲಸಲಿಲ್ಲ. ತಪ್ಪ ನಂದು," ಅಂದ ಶರೀಫಸಾಬ. "ನಡಿ."

ದಿನಾ ಬೆಳಿಗ್ಗೆ ಕಟ್ಟಿಕೊಂಡು ಹೊರಟರು. ಸುಮ್ಮನೆ ಬಯಲಲ್ಲಿ ಅಲ್ಲ. ದೊಡ್ಡವರು ಓಡಾಡುವ ಹಾದಿಯನ್ನೇ ಹುಡುಕಿ ಹುಡುಕಿ ಹೋದರು. ಗೋಕುಲದ ಹಾದಿಯಲ್ಲಿ ಹೊಲ ನೋಡಲು ಬರುವ ಗೌಡರು, ದೇಸಾಯರು. ಹತ್ತಿ ಪ್ಯಾಟೆಯಲ್ಲಿ ಸಾವಕಾರರು. ಕಾಲೇಜಿನ ಮಾಸ್ತರರು, ವಕೀಲರು. ಒಬ್ಬೊಬ್ಬರು ಎದುರಾದಾಗಲೂ ಮೈಲಾರಪ್ಪನ ಮೈ ಏಳುತ್ತಿತ್ತು. ಹಗ್ಗ ಎಳೆದು ಕೂರಿಸುತ್ತಿತ್ತು. ನೂಲಿನ ಹಗ್ಗ, ಆದರೂ ಸೊಂಟದ ಚರ್ಮ ಸುಲಿದು ಕೆಂಪಾಯಿತು. ರಾತ್ರಿ ದುರಗವ್ವ ಎಣ್ಣೆ ಹಚ್ಚಿದಳು. ಬೆಳಿಗ್ಗೆ ಅದೇ ಗಾಯದ ಮೇಲೆ ಮತ್ತೆ ಹಗ್ಗ.

"ಇವತ್ತ ಎಷ್ಟ ಸಲ ಎದ್ದಿ?" ಶರೀಫಸಾಬ ಕೇಳುತ್ತಿದ್ದ.

"ಏಳ ಸಲ."

"ನಿನ್ನೆ ಹನ್ನೊಂದ ಇತ್ತು. ಛಲೋ ಆತು."

ನಗುವ ಮಾತೇ ಇದು. ಮನುಷ್ಯ ಮನುಷ್ಯನ ಎದುರಿಗೆ ಕೂತುಕೊಳ್ಳುವುದನ್ನು ಹಗ್ಗ ಕಟ್ಟಿಕೊಂಡು ಕಲಿಯಬೇಕಾಗಿ ಬಂದ ಊರು ಇದು. ಇದರಲ್ಲಿ ನಗು ಬಂದವರು ನಗಲಿ.

ಒಂದು ದಿನ ಪ್ಯಾಟೆಯಲ್ಲಿ ಕುಬೇರಪ್ಪ ಸಾವಕಾರರೇ ಎದುರಾದರು. ಕೈ ಎತ್ತಿ ಲಾರಿ ನಿಲ್ಲಿಸಿದರು. ಮೈಲಾರಪ್ಪನ ಮೈ ಎದ್ದಿತು. ಹಗ್ಗ ಹಿಡಿಯಿತು. ಕೂತಲ್ಲಿಂದಲೇ ಕೈ ಮುಗಿದ.

"ಏನಲೇ, ಕುಂತ ಇದ್ದೀ?" ಅಂದರು ಸಾವಕಾರರು.

"ಪರೀಕ್ಷಾದ ರೂಢಿ ಮಾಡಾಕತ್ತಾನ್ರಿ," ಶರೀಫಸಾಬ ನಡುವೆ ಬಾಯಿ ಹಾಕಿದ. "ಇಳದರ ಸಾಹೇಬ ಫೇಲ್ ಮಾಡ್ತಾನ್ರಿ."

ಸಾವಕಾರರು ಹಗ್ಗ ನೋಡಿ ನಕ್ಕರು. ಆ ನಗು ಮುಖದ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ. "ಸಾಹೇಬನ ಮುಂದ ಅಷ್ಟ ಮಾಡು," ಅಂದು ಹೋದರು.

ಎರಡನೇ ಪರೀಕ್ಷೆಯ ದಿನ ಸಾಹೇಬ ಹಗ್ಗ ನೋಡಿದ. ಛತ್ರಿಯ ತುದಿಯಿಂದ ಅದನ್ನು ಮುಟ್ಟಿದ.

"ಇದೇನು? ಬಿಚ್ಚು."

ಶರೀಫಸಾಬ ಬಿಚ್ಚಿದ. ಹಗ್ಗ ಸುತ್ತಿ ತನ್ನ ಹೆಗಲಿಗೆ ಹಾಕಿಕೊಂಡ.

ಮತ್ತೆ ಕುರ್ಚಿ ಮೇಲೇರಿತು, ಮತ್ತೆ ಕಿಂಡಿಯೊಳಗೆ ಛತ್ರಿ ಬಂತು. ಈ ಸಲ ಮೈಲಾರಪ್ಪನಿಗೆ ಗಾಡಿಯ ಚಿಂತೆ ಇರಲಿಲ್ಲ. ಕಲ್ಲುಗಳ ನಡುವೆ ಹಿಂದಕ್ಕೆ ಹೊಡೆದ. ಏರಿನಲ್ಲಿ ನಿಲ್ಲಿಸಿ ಎತ್ತಿದ. ಎದುರಿಗೆ ಯಾರೋ ರುಮಾಲಿನವರು ಬಂದರು. ಅವನ ತೊಡೆ ಗಟ್ಟಿಯಾಯಿತು, ಆದರೆ ಕೂತೇ ಇದ್ದ. ಅವರು ದಾಟಿ ಹೋದರು.

ಮಾಳಮಡ್ಡಿಯ ಏರು ಮುಗಿದು ಕಚೇರಿ ಹತ್ತಿರ ಬಂದಾಗ ಛತ್ರಿ ಕುತ್ತಿಗೆಗೆ ತಿವಿಯಿತು. ನಿಲ್ಲಿಸಿದ. ಸಾಹೇಬ ಇಳಿದು ಮುಂದೆ ಬಂದ.

"ಮನಶ್ಯಾ ಅಡ್ಡ ಬಂದರ ಏನ್ ಮಾಡ್ತಿ ನೋಡ್ತೇನಿ," ಅಂದ. ಮುಖದ ಮೇಲೆ ತುಂಟತನ ಇತ್ತು. ಐವತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು, ಛತ್ರಿ ಬಿಚ್ಚಿ ಹಿಡಿದು, ನಡುರಸ್ತೆಯಲ್ಲಿ ಲಾರಿಯ ಕಡೆಗೆ ನಡೆಯುತ್ತ ಬಂದ. ಗುಮಾಸ್ತ ರಸ್ತೆಯ ಬದಿಗೆ ನಿಂತು ನೋಡುತ್ತಿದ್ದ. ಇಬ್ಬರು ಪೊಲೀಸರು ನೋಡುತ್ತಿದ್ದರು.

ಮೈಲಾರಪ್ಪ ಗಾಡಿ ಎತ್ತಿದ. ಹಾರ್ನು ಹೊಡೆದ. ಸಾಹೇಬ ಸರಿಯಲಿಲ್ಲ. ಕೈ ಹೊರಗೆ ಚಾಚಿ ನಿಲ್ಲಿಸುವ ಸನ್ನೆ ಮಾಡಿ ಬಿರೇಕು ಒತ್ತಿದ. ಸಾಹೇಬ ಲಾರಿಯ ಮೂತಿಯ ತನಕ ಬಂದು, ಅಲ್ಲೇ ನಿಂತ. ಕಾಯುತ್ತಿದ್ದ. ಯಾತಕ್ಕೆ ಕಾಯುತ್ತಿದ್ದ ಎಂದು ಎಲ್ಲರಿಗೂ ತಿಳಿದಿತ್ತು.

ಸರಕಾರ ಎದುರಿಗೆ ನಿಂತಿದೆ. ತಾನು ಮೇಲೆ ಕೂತಿದ್ದಾನೆ. ಬಾಗಿಲ ಹಿಡಿಕೆಯ ಕಡೆ ಮೈಲಾರಪ್ಪನ ಕೈ ಹೋಯಿತು. ಇದ್ದಿಲ ಎಂಜಿನ್ನು ಉಸಿರು ಕಟ್ಟಿ ಗುರ್ ಗುರ್ ಅನ್ನತೊಡಗಿತು. ಇನ್ನೊಂದು ಗಳಿಗೆ ಹೀಗೇ ನಿಂತರೆ ಆರುತ್ತದೆ, ಆರಿದರೂ ಫೇಲು. ಸೊಂಟದ ಸುತ್ತ ಗಾಯ ಉರಿಯಿತು. ಅವನು ಕೈ ಹಿಂದಕ್ಕೆ ತೆಗೆದು ಸ್ಟೇರಿಂಗಿನ ಮೇಲೆ ಇಟ್ಟ.

"ಇಳಿಯೂದಿಲ್ಲೇನು?" ಅಂದ ಸಾಹೇಬ.

"ಪರೀಕ್ಷಾ ಮುಗೀತೇನ್ರಿ?"

"ಏನು?"

"ಮುಗದೈತಿ ಅಂದ್ರ ಇಳಿತೇನ್ರಿ. ಮುಗದಿಲ್ಲಂದ್ರ ಹಾದಿ ಬಿಡ್ರಿ ಸಾಹೇಬರ. ಗಾಡಿ ಆರ್ತೈತಿ."

ತಾನೇ ಆಡಿದ ಮಾತು ಅವನ ಕಿವಿಗೆ ಬೇರೆ ಯಾರದೋ ಅನಿಸಿತು. ಸಾಹೇಬನ ಮುಖ ಬಿಗಿಯಿತು. ಆದರೆ ನೋಡುವವರು ಇದ್ದರು, ಕಾನೂನು ಲಾರಿಯ ಕಡೆಗಿತ್ತು. ಸಾಹೇಬ ಬದಿಗೆ ಸರಿದ. ಮೈಲಾರಪ್ಪ ಬಲಗೈ ಚಾಚಿ ಸನ್ನೆ ಮಾಡಿ, ಅವನಿಗೆ ಮೂರು ಮೊಳ ಜಾಗ ಬಿಟ್ಟು, ದಾಟಿಸಿಕೊಂಡು ಹೋದ.

ಲೈಸನ್ಸನ್ನು ಗುಮಾಸ್ತ ಮೇಲಿನಿಂದ ಕೈಗೆ ಬಿಟ್ಟ, ಮುಟ್ಟದ ಹಾಗೆ. ಅದರಲ್ಲಿ ಮೈಲ್ಯಾ ಎಂದು ಇರಲಿಲ್ಲ, ಮೈಲಾರಪ್ಪ ಎಂದು ಪೂರ್ತಿ ಹೆಸರು ಇತ್ತು. ಶರೀಫಸಾಬ ಕಾಗದವನ್ನು ಮಂಜುಗಣ್ಣಿನ ಹತ್ತಿರ ಹಿಡಿದು, ಓದಲು ಬಾರದಿದ್ದರೂ, ಬಹಳ ಹೊತ್ತು ನೋಡಿದ. ದುರಗವ್ವ ಆ ದಿನ ಹೂರಣದ ಹೋಳಿಗೆ ಮಾಡಿ ಮುದುಕನನ್ನು ಕರೆದು ಉಣ್ಣಿಸಿದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಬರೇ ಲಾರಿಯ ಕತೆಯಾಗಿದ್ದರೆ ಮುಗಿಯುತ್ತಿತ್ತು.

ನಾಲ್ಕನೇ ದಿನ ಕುಬೇರಪ್ಪ ಕರೆದರು. "ಮಡಿವಾಳಪ್ಪಗೌಡ್ರ ಹತ್ತಿ ತರಬೇಕು. ನಿಮ್ಮ ಊರಿಗೇ ಹೋಗಬೇಕು."

"ಪಾಳಿ ಬಿಡಿಸೂ ಮಾತು, ಸಾವಕಾರ್ರ?"

"ಆಡೀನಿ. ಗೌಡ್ರು ಒಪ್ಯಾರ. ಈ ಹತ್ತಿ ಹೇರೂದು ಮುಗದ ಮ್ಯಾಲೆ ನಿನಗೂ ಇಲ್ಲ, ನಿಮ್ಮ ಕಾಕಾಗೂ ಇಲ್ಲ." ಸಾವಕಾರರು ರುಮಾಲು ಸರಿಮಾಡಿಕೊಂಡರು. "ಒಂದ ಮಾತು. ಊರ ಅಗಸಿ ಮುಂದ ಗಾಡಿ ನಿಂದರಿಸಿ ಇಳಿ. ಒಳಗ ಶರೀಫಸಾಬ ಹೊಡಕೊಂಡ ಹೋಗ್ಲಿ. ನೀ ಹಿಂದ ನಡಕೋತ ಹೋಗು, ಮೆಟ್ಟ ಕೈಯಾಗ ಹಿಡಕೊಂಡು. ಗೌಡ್ರ ಕಣ್ಣಮುಂದ ಮ್ಯಾಲೆ ಕುಂತ ಹೋದ್ಯಂದ್ರ ಅವರಿಗೆ ಹೆಂಗ ಆಗ್ತೈತಿ ನೋಡು."

"ಚಾಚಾಗ ಕಣ್ಣ ಕಾಣೂದಿಲ್ರಿ."

"ನಾಕ ಮಾರ ದಾರಿ. ಏನಾಗ್ತೈತಿ?"

ಇಳಿದದ್ದಕ್ಕೆ ಫೇಲು ಮಾಡಿದರು. ಇಳಿಯದೆ ಪಾಸಾದ. ಪಾಸಾದ ಮೇಲೆ ಈಗ ಮತ್ತೆ ಇಳಿಯಬೇಕು. ಮೈಲಾರಪ್ಪನಿಗೆ ತಲೆ ಜಜ್ಜಿಕೊಳ್ಳಬೇಕು ಅನಿಸಿತು. ಹಾಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಲಾರಿ ತೆಗೆದುಕೊಂಡು ಹೊರಟ.

ನವಲಗುಂದದ ಹಾದಿಯಲ್ಲಿ ಹನ್ನೆರಡು ಮೈಲು, ಎರಡೂ ಕಡೆ ಕರಿ ಹೊಲ. ಊರಬಾಗಿಲ ಅಗಸಿಯ ಮುಂದೆ ಲಾರಿ ನಿಂತಿತು. ಒಳಗಿನ ಓಣಿಯಲ್ಲಿ ನೀರಿನ ಕೊಡ ಹೊತ್ತ ಹೆಂಗಸರು, ಬಿಸಿಲಿಗೆ ಹಾಕಿದ ಜೋಳ, ಮಲಗಿದ ಎಮ್ಮೆ, ಆಡುವ ಮಕ್ಕಳು.

ಶರೀಫಸಾಬ ಕಣ್ಣು ಕಿರಿದು ಮಾಡಿ ನೋಡಿದ. "ನನಗ ಬರೇ ಬೆಳಕ ಕಾಣತೈತಿ ಬೇಟಾ. ಯಾರರೆ ಗಾಲಿಗೆ ಸಿಗ್ತಾರ." ಆಮೇಲೆ, "ಆದರ ನೌಕರಿ ನಿಂದು. ವಿಚಾರ ಮಾಡು," ಅಂದ.

ಮೈಲಾರಪ್ಪ ಬಾಗಿಲಿಗೆ ಕೈ ಇಟ್ಟ. ಗೌಡನ ಮಾನಕ್ಕಾಗಿ ಒಬ್ಬ ಕುರುಡ ಲಾರಿ ಹೊಡೆಯಬೇಕು. ಕಣ್ಣಿದ್ದವನು, ಸರಕಾರದ ಸಹಿ ಇದ್ದವನು, ಮೆಟ್ಟು ಕೈಯಲ್ಲಿ ಹಿಡಿದು ಹಿಂದೆ ನಡೆಯಬೇಕು. ನಾಳೆ ಒಂದು ಮಗು ಸತ್ತರೂ ನಡೆದೀತು, ಹೊಲಗೇರಿಯವನು ಕೂತದ್ದು ನಡೆಯದು. ಥೂ ಎಂದು ಉಗುಳಿದ. ಗೇರು ಹಾಕಿ ಅಗಸಿಯೊಳಗೆ ಹೊಕ್ಕ.

ಹೆಂಗಸರು ಕೊಡ ಹೊತ್ತುಕೊಂಡೇ ಗೋಡೆಗೆ ಒತ್ತಿ ನಿಂತರು. ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ಮೆಲ್ಲಗೆ, ಹಾರ್ನು ಹೊಡೆಯುತ್ತ, ಜೋಳ ತುಳಿಯದ ಹಾಗೆ ಹೊಡೆದುಕೊಂಡು ಹೋಗಿ ಗೌಡರ ಕಣದಲ್ಲಿ ನಿಲ್ಲಿಸಿದ. ಹತ್ತಿಯ ರಾಶಿಯ ಹತ್ತಿರ ಹೊಲಗೇರಿಯ ಎಂಟು ಆಳು ಕಾಯುತ್ತಿದ್ದರು. ಅವರಲ್ಲಿ ಹೊಳೆಯಪ್ಪ ಕಾಕಾನೂ ಇದ್ದ. ಗೌಡ ಕಟ್ಟೆಯ ಮೇಲೆ ಕೂತಿದ್ದ. ಈ ಸಲ ಅವನನ್ನು ನೋಡಿದ. ಚೆನ್ನಾಗಿ ನೋಡಿದ.

"ಇಳಿ."

"ಹತ್ತಿ ಹೇರಸ್ರಿ ಗೌಡ್ರ," ಅಂದ ಮೈಲಾರಪ್ಪ. "ನಾ ಇಲ್ಲೇ ಗಾಡಿ ಕಾಯ್ತೇನಿ."

"ನಿಮ್ಮಪ್ಪ ಈ ಕಟ್ಟಿ ಮುಂದ ಮಣ್ಣಾಗ ಹೊಳ್ಳ್ಯಾಡಿದಾಂವ."

"ಅಂವ ಸತ್ತಾನ್ರಿ."

ಗೌಡ ಕೂಗಾಡಲಿಲ್ಲ. ಹೊಳೆಯಪ್ಪನ ಕಡೆ ಬೆರಳು ತೋರಿಸಿದ. "ಲೇ, ನಿಮ್ಮಣ್ಣನ ಮಗ ಅಲ್ಲೇನು ಅಂವ? ಎಳದ ಇಳಸು."

ಮುದುಕ ಲಾರಿಯ ಹತ್ತಿರ ಬಂದ. ಬಾಗಿಲು ಹಿಡಿದ. ಅವನ ಕೈ ಒಣಗಿದ ಬೇರಿನ ಹಾಗಿತ್ತು. ಮೈಲಾರಪ್ಪನ ತೋಳು ಹಿಡಿದ, ಎಳೆಯಲಿಲ್ಲ.

"ಇಳಿಯಪ್ಪಾ," ಅಂದ ಸಣ್ಣ ದನಿಯಲ್ಲಿ. "ನೀ ಹುಬ್ಬಳ್ಳಿಗೆ ಹೋಗ್ತಿ. ನಾವ ಇಲ್ಲೇ ಇರಾವ್ರು."

ಮೈಲಾರಪ್ಪನ ಹತ್ತಿರ ಗೌಡನಿಗೆ ಹೇಳುವ ಮಾತು ಬೇಕಾದಷ್ಟಿದ್ದವು, ಕಾಕಾನಿಗೆ ಹೇಳಲು ಒಂದೂ ಸಿಗಲಿಲ್ಲ.

"ಇಳದರ ನಾಳೆ ಮತ್ತ ಇಳಿಬೇಕಾಗ್ತೈತಿ ಕಾಕಾ," ಅಂದ ಕಡೆಗೆ. "ಕೈ ಬಿಡು."

ಹೊಳೆಯಪ್ಪ ಒಂದು ಗಳಿಗೆ ಅವನ ಮುಖ ನೋಡಿದ. ಕೈ ಬಿಟ್ಟ. ಗೌಡನ ಕಡೆ ತಿರುಗಿ, "ನನಗ ಶಕ್ತಿ ಸಾಲೂದಿಲ್ರಿ ಯಪ್ಪಾ," ಅಂದು ನೆಲದ ಮೇಲೆ ಕೂತ.

"ಒಂದ ಎಳಿ ಅರಳಿ ಇವನ ಗಾಡಿಗೆ ಬೀಳಬಾರದು," ಅಂದ ಗೌಡ.

ಮೈಲಾರಪ್ಪ ಖಾಲಿ ಲಾರಿಯನ್ನು ಆ ಇಕ್ಕಟ್ಟಿನ ಕಣದಿಂದ ಹಿಂದಕ್ಕೆ ಹೊಡೆದು ತಿರುಗಿಸಿಕೊಂಡು ಹೊರಗೆ ಬಂದ. ಅಗಸಿ ದಾಟಿದ ಮೇಲೆ ಶರೀಫಸಾಬ ಅವನ ಬೆನ್ನ ಮೇಲೆ ಕೈ ಇಟ್ಟ. ಅಂಗಿ ಪೂರ್ತಿ ಒದ್ದೆಯಾಗಿತ್ತು.

ಕುಬೇರಪ್ಪ ಲಾರಿಯ ಕೀಲಿ ಇಸಿದುಕೊಂಡರು. ಒಬ್ಬ ಹೊಲೆಯನ ಸೊಕ್ಕಿಗಾಗಿ ನಲವತ್ತು ವರ್ಷದ ಗಿರಾಕಿ ಹೋದ ಎಂದರು. ಲೈಸನ್ಸಿಗೂ ಕೈ ಚಾಚಿದರು.

"ಲಾರಿ ನಿಮ್ಮದ್ರಿ," ಅಂದ ಮೈಲಾರಪ್ಪ. "ಇದು ನಂದು." ಕಾಗದವನ್ನು ಒಳಜೇಬಿನಲ್ಲಿ ಇಟ್ಟುಕೊಂಡು ಮನೆಗೆ ನಡೆದ.

ಮೂರು ದಿನ ಕಳೆಯಿತು. ಸಂತೆಗೆ ಬಂದ ಊರಿನ ಹೆಂಗಸರು ದುರಗವ್ವನಿಗೆ ಸುದ್ದಿ ಹೇಳಿದರು. ಗೌಡ ಹೊಳೆಯಪ್ಪನನ್ನು ಚಾವಡಿಯ ಮುಂದೆ ಒಂದು ದಿನ ಬಿಸಿಲಲ್ಲಿ ನಿಲ್ಲಿಸಿದನಂತೆ. ಮುದುಕನ ಎರಡು ಪಾಳಿ ಹಾಗೇ ಉಳಿದವಂತೆ. ಮೈಲಾರಪ್ಪ ಅದನ್ನು ಕೇಳಿ ಆ ದಿನ ರೊಟ್ಟಿ ಮುಟ್ಟಲಿಲ್ಲ. ಹೋಗಿ ಕಾಕಾನನ್ನು ಕರೆತರಬೇಕು ಅಂದ. ದುರಗವ್ವ, ನಾನೂ ಬರ್ತೇನಿ ಅಂದಳು. ಗುಡಿಸಲಿನ ಒಳಗೆ ಇನ್ನೊಬ್ಬರು ಮಲಗಲು ಜಾಗ ಮಾಡಿದಳು.

ನಾಲ್ಕನೇ ದಿನ ಆಕಾಶದಲ್ಲಿ ಅಕಾಲದ ಅಡ್ಡಮಳೆಯ ಮೋಡ ಕಟ್ಟಿತು. ಹತ್ತೂರಿನಲ್ಲಿ ಹತ್ತಿ ಬಯಲಿಗೆ ಬಿದ್ದಿತ್ತು. ಹುಬ್ಬಳ್ಳಿ ತುಂಬ ಹುಡುಕಿದರೂ ಸಾವಕಾರರಿಗೆ ಡ್ರೈವರ್ ಸಿಗಲಿಲ್ಲ. ಮಧ್ಯಾಹ್ನ ಶರೀಫಸಾಬ ಗೋಡೆ ತಡವುತ್ತ ಕೇರಿಯೊಳಗೆ ಬಂದ.

"ಸಾವಕಾರ್ರು ಕೇರಿ ಬಾಯಾಗ ಬಂದಾರ. ಟಾಂಗಾದಾಗ ಕುಂತಾರ. ಲಗೂನ ಬಾ ಅಂತಾರ."

"ಅಗಸ್ಯಾಗ ಇಳಿಯೂ ಮಾತು?"

"ಅದನ್ನ ಆಮ್ಯಾಲೆ ನೋಡೂಣು ಅಂದ್ರು."

ಮೈಲಾರಪ್ಪ ಹೊಸ್ತಿಲ ಮೇಲೆ ಕೂತಿದ್ದ. ಓಣಿಯ ಆ ತುದಿಗೆ ಟಾಂಗಾ ಕಾಣುತ್ತಿತ್ತು, ಅದರಲ್ಲಿ ಸಾವಕಾರರ ಬಿಳಿ ರುಮಾಲು ಕಾಣುತ್ತಿತ್ತು. ಒಂದು ಸಲ ಅವನ ಮೊಣಕಾಲು ಅಲುಗಿತು. ದುರಗವ್ವ ನೋಡಿದಳು.

"ಇಳದ ಬರ್ರಿ ಅನ್ನು ಚಾಚಾ," ಅಂದ ಮೈಲಾರಪ್ಪ. "ಇಲ್ಲಿ ತನಕ ನಡದ ಬಂದು, ಊರಾಗ ನೀ ಇಳಿಯೂದು ಬ್ಯಾಡ, ಕಾಕಾಗ ಪಾಳಿ ಇಲ್ಲ ಅಂತ ನನ್ನ ಮುಂದ ಹೇಳ್ರಿ ಅನ್ನು. ಕೀಲಿ ನನ್ನ ಕೈಯಾಗ ಕೊಡ್ರಿ ಅನ್ನು."

ಶರೀಫಸಾಬ ಹೋಗಿ ಹೇಳಿದ. ಕೇರಿಯ ಜನ ಬಾಗಿಲಿಗೆ ಬಂದು ನಿಂತರು. ಟಾಂಗಾ ಬಹಳ ಹೊತ್ತು ನಿಂತಿತು. ಸಾವಕಾರರ ಒಂದು ಕಾಲು ಹೊರಗೆ ಬಂತು, ಮೆಟ್ಟಿಲ ಮೇಲೆ ಇತ್ತು. ಕೆಳಗಿನ ಗಟಾರದ ಕೆಸರು ನೋಡಿದರು. ನಿಂತ ಜನರನ್ನು ನೋಡಿದರು. ಕಾಲು ಒಳಗೆ ಹೋಯಿತು. ಟಾಂಗಾ ತಿರುಗಿ ಹೋಯಿತು.

"ಹೋದ," ಅಂದಳು ದುರಗವ್ವ.

"ಹೋಗ್ಲಿ. ಅವರಿಗೂ ಇಳದು ರೂಢಿ ಇಲ್ಲ," ಅಂದ ಮೈಲಾರಪ್ಪ. "ಮತ್ತ ಬರ್ತಾರ. ನಾನೂ ಒಂದ ಸಲಕ್ಕ ಪಾಸಾಗಲಿಲ್ಲ."